ಒಂದೂ ಪಂದ್ಯ ಆಡದೆ ಎರಡು ವರ್ಷ ತಂಡದಲ್ಲಿ ಉಳಿದ ಲೈನ್‌ಮನ್: ಜೋರ್ಡನ್ ಮೈಲಾಟಾ ಬಗ್ಗೆ ಮಾತಾಡೋಣ

ಜೆರ್ಸಿಕನ್ನಡಿಗ:

ಎಲ್ಲರಿಗೂ ನಮಸ್ಕಾರ. ಆಗಸ್ಟ್ ಕೊನೆಯ ವಾರ ಬಂತು ಅಂದರೆ ನನಗೆ ಪಂದ್ಯಗಳಿಗಿಂತ ಜಾಸ್ತಿ ಕುತೂಹಲ ಒಂದು ಪಟ್ಟಿಯ ಮೇಲೆ. ಅಮೆರಿಕನ್ ಫುಟ್‌ಬಾಲ್ ಲೀಗ್ ಆದ ಎನ್‌ಎಫ್‌ಎಲ್‌ನ 32 ತಂಡಗಳೂ ಬೇಸಿಗೆಯಲ್ಲಿ 90 ಆಟಗಾರರನ್ನು ಇಟ್ಟುಕೊಂಡು ತರಬೇತಿ ನಡೆಸುತ್ತವೆ. ಸೀಸನ್ ಶುರುವಾಗುವ ಮುಂಚೆ ಅದು 53ಕ್ಕೆ ಇಳಿಯಬೇಕು. ಎಲ್ಲ ತಂಡ ಸೇರಿಸಿದರೆ ಸಾವಿರಕ್ಕೂ ಹೆಚ್ಚು ಹೆಸರು ಪಟ್ಟಿಯಿಂದ ಹೊರಗೆ. ಅವರಲ್ಲಿ ಎಷ್ಟೋ ಜನ ಐದಾರನೇ ವಯಸ್ಸಿನಿಂದ ಬೇರೆ ಏನನ್ನೂ ಮಾಡಿದವರಲ್ಲ.

ಈ ಸಲ ಪಟ್ಟಿಯಿಂದ ಹೋದವರ ಬಗ್ಗೆ ಅಲ್ಲ, ಯಾವ ಲೆಕ್ಕದಲ್ಲಿ ನೋಡಿದರೂ ಹೋಗಬೇಕಾಗಿದ್ದು ಉಳಿದ ಒಬ್ಬನ ಬಗ್ಗೆ ಬರೆಯಬೇಕು ಅನಿಸಿತು. ಫಿಲಡೆಲ್ಫಿಯಾ ಈಗಲ್ಸ್ ತಂಡದ ಲೆಫ್ಟ್ ಟ್ಯಾಕಲ್ (ಮುಂದೆ ನಿಲ್ಲುವ ಐವರು ಲೈನ್‌ಮನ್‌ಗಳಲ್ಲಿ ಎಡತುದಿಯವನು), 68ನೇ ನಂಬರಿನ ಜೋರ್ಡನ್ ಮೈಲಾಟಾ. ಹುಟ್ಟಿದ್ದು 1997ರಲ್ಲಿ ಸಿಡ್ನಿಯ ಬ್ಯಾಂಕ್ಸ್‌ಟೌನ್‌ನಲ್ಲಿ. ಅಪ್ಪ ಅಮ್ಮ ಸಮೋವಾ ದ್ವೀಪದವರು. ಆಡುತ್ತಿದ್ದದ್ದು ರಗ್ಬಿ ಲೀಗ್. ಎತ್ತರ ಆರಡಿ ಎಂಟಿಂಚು, ತೂಕ ಆಗಲೇ 150 ಕೆಜಿ ದಾಟಿತ್ತು.

2018ರ ಏಪ್ರಿಲ್‌ನ ಡ್ರಾಫ್ಟ್, ಅಂದರೆ ತಂಡಗಳು ಸರದಿಯಲ್ಲಿ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಸುತ್ತುಗಳನ್ನು ನೆನಪಿಸಿಕೊಳ್ಳಿ. ಸುಮಾರು ಮೂರು ತಿಂಗಳ ಹಿಂದಷ್ಟೇ ಈಗಲ್ಸ್ ತಂಡ ಪೇಟ್ರಿಯಟ್ಸ್ ಅನ್ನು 41-33ರಲ್ಲಿ ಸೋಲಿಸಿ ತನ್ನ ಮೊದಲ ಸೂಪರ್ ಬೌಲ್ (ಲೀಗಿನ ಫೈನಲ್) ಗೆದ್ದಿತ್ತು. ಅದೇ ಪೇಟ್ರಿಯಟ್ಸ್ ಜೊತೆ ಅದಲು ಬದಲು ಮಾಡಿಕೊಂಡು, 250ನೇ ಆಯ್ಕೆಯನ್ನೂ ಮುಂದಿನ ವರ್ಷದ ಒಂದು ಏಳನೇ ಸುತ್ತಿನ ಆಯ್ಕೆಯನ್ನೂ ಕೊಟ್ಟು, 233ನೇ ಜಾಗಕ್ಕೆ ಏರಿ ಈ ಹುಡುಗನನ್ನು ಆರಿಸಿಕೊಂಡಿತು. ಒಟ್ಟು 256 ಆಯ್ಕೆಗಳಲ್ಲಿ 233. ಅಲ್ಲಿಯವರೆಗೆ ಅವನು ಅಮೆರಿಕನ್ ಫುಟ್‌ಬಾಲಿನ ಒಂದು ಪಂದ್ಯವನ್ನೂ ಆಡಿರಲಿಲ್ಲ. ಹೈಸ್ಕೂಲಿನಲ್ಲೂ ಇಲ್ಲ, ಕಾಲೇಜಿನಲ್ಲೂ ಇಲ್ಲ. ಬೇರೆ ದೇಶದ ಆಟಗಾರರನ್ನು ತಯಾರು ಮಾಡಲು ಲೀಗ್ ನಡೆಸುವ ಯೋಜನೆಯಲ್ಲಿ ಫ್ಲೋರಿಡಾದಲ್ಲಿ ಕೆಲವು ತಿಂಗಳು ಕಲಿತಿದ್ದು, ಅಷ್ಟೇ.

2018ರ ಇಡೀ ಸೀಸನ್ ಅವನು ಒಂದು ಪಂದ್ಯವನ್ನೂ ಆಡಲಿಲ್ಲ. 2019ರಲ್ಲೂ ಇಲ್ಲ. ಎರಡೂ ವರ್ಷ ಬೆನ್ನಿನ ಗಾಯದಿಂದ ಇಂಜರ್ಡ್ ರಿಸರ್ವ್ ಪಟ್ಟಿಗೆ ಹೋದ. ಆದರೂ ತಂಡ ಕೈಬಿಡಲಿಲ್ಲ. ಇವತ್ತು ಅವನು ಲೀಗಿನ ಒಳ್ಳೆಯ ಲೆಫ್ಟ್ ಟ್ಯಾಕಲ್‌ಗಳಲ್ಲಿ ಒಬ್ಬ, ಸೂಪರ್ ಬೌಲ್ ಗೆದ್ದವನು.

ಎಲ್ಲರೂ ಈ ಕಥೆಯನ್ನು ಅವನ ಗಾತ್ರದ ಕಥೆ ಅಂತ ಹೇಳುತ್ತಾರೆ. ದೊಡ್ಡ ಹುಡುಗ, ಸಿಕ್ಕಿದ, ಗೆದ್ದ. ನನಗೆ ಹಾಗೆ ಕಾಣುವುದಿಲ್ಲ. ಇದು ಒಂದು ಕುರ್ಚಿಯನ್ನು ಎರಡು ವರ್ಷ ಖಾಲಿ ಕಾದಿರಿಸಿದವರ ಕಥೆ, ಮತ್ತೆ ಆ ಎರಡು ವರ್ಷವನ್ನು ಹಾಳು ಮಾಡದೆ ಕಲಿತವನ ಕಥೆ. ನಿಮಗೆ ಏನನಿಸುತ್ತದೆ?

ಹೊಸಬ:

ಸರ್, ನಾನು ಡಲ್ಲಾಸಿಗೆ ಬಂದು ಒಂದು ವರ್ಷ ಆಯಿತು. ಆಫೀಸಿನಲ್ಲಿ ಸೋಮವಾರ ಬಂದರೆ ಎಲ್ಲರ ಬಾಯಲ್ಲೂ ಇದೇ ಆಟ. ಕ್ವಾರ್ಟರ್‌ಬ್ಯಾಕ್ ಚೆಂಡು ಎಸೆಯುತ್ತಾನೆ, ಇನ್ನೊಬ್ಬ ಹಿಡಿದು ಓಡುತ್ತಾನೆ, ಅಷ್ಟು ಗೊತ್ತಾಗಿದೆ. ಈ ಲೈನ್‌ಮನ್‌ಗಳು ಏನು ಮಾಡುತ್ತಾರೆ ಅಂತ ನಿಜವಾಗಿ ಗೊತ್ತಾಗುವುದಿಲ್ಲ. ಪ್ರತಿ ಸಲ ಐದು ದಪ್ಪ ಜನ ಎದುರಿನವರಿಗೆ ಡಿಕ್ಕಿ ಹೊಡೆಯುತ್ತಾರೆ, ಮುಗಿಯಿತು ಅನಿಸುತ್ತದೆ. ಅದರಲ್ಲಿ ಎರಡು ವರ್ಷ ಕಲಿಯುವುದು ಏನಿದೆ? ಮತ್ತೆ ಇನ್ನೊಂದು, ಆಡದವನನ್ನು ಪ್ರಾಕ್ಟೀಸ್ ಸ್ಕ್ವಾಡಿನಲ್ಲಿ, ಅಂದರೆ 53ರ ಹೊರಗೆ ಅಭ್ಯಾಸಕ್ಕೆ ಇಟ್ಟುಕೊಳ್ಳುವವರ ಗುಂಪಿನಲ್ಲಿ, ಇಡಬಹುದಿತ್ತಲ್ವಾ? 53ರಲ್ಲೇ ಯಾಕೆ?

ಬೆಣ್ಣೆದೋಸೆ:

ಒಳ್ಳೆಯ ಪ್ರಶ್ನೆ ಹೊಸಬ ಅವರೇ. ಮೊದಲನೆಯದಕ್ಕೆ ನಾನು ಹೇಳುತ್ತೇನೆ, ಎರಡನೆಯದಕ್ಕೆ ಜೆರ್ಸಿಕನ್ನಡಿಗ ಅವರೇ ಸರಿ.

ನಮ್ಮ ಮನೆ ಫಿಲಡೆಲ್ಫಿಯಾ ಪಕ್ಕ. ಮಗ ಹೈಸ್ಕೂಲಿನಲ್ಲಿ ಟ್ಯಾಕಲ್ ಆಡುತ್ತಾನೆ. ಹೋದ ವರ್ಷ ಅವನಿಗೆ ಶಾಲೆಯ ದೊಡ್ಡ ತಂಡದಲ್ಲಿ ಜಾಗ ಸಿಗಲಿಲ್ಲ, ಕಿರಿಯರ ತಂಡಕ್ಕೆ ಹಾಕಿದರು. ಅವತ್ತು ರಾತ್ರಿ ಊಟ ಬಿಟ್ಟು ಮಲಗಿದ. ಮರುದಿನ ಬೆಳಿಗ್ಗೆ ನಾನು ಎದ್ದು ನೋಡಿದರೆ ಗ್ಯಾರೇಜ್ ಮುಂದೆ ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತಿದ್ದಾನೆ. ಒಂದು ಅಡ್ಡ ಗೆರೆ, ಅದರಿಂದ ಹಿಂದಕ್ಕೂ ಎಡಕ್ಕೂ ಓರೆಯಾಗಿ ಹೋಗುವ ಇನ್ನೊಂದು ಗೆರೆ. ಅದರ ಮೇಲೆ ಹಿಂದಕ್ಕೆ ಹೆಜ್ಜೆ ಹಾಕುವುದು. ಅದಕ್ಕೆ ಕಿಕ್ ಸ್ಲೈಡ್ ಅನ್ನುತ್ತಾರೆ.

ಸುಮ್ನೆ ಹಿಂದಕ್ಕೆ ನಡೆಯುವುದಲ್ಲ ಅದು. ಮಂಡಿ ಬಾಗಿರಬೇಕು, ಬೆನ್ನು ನೆಟ್ಟಗಿರಬೇಕು. ಬಲಗಾಲಿನ ಒಳಅಂಚಿನಿಂದ ನೆಲವನ್ನು ಒದೆಯಬೇಕು, ಎಡಗಾಲು ಹಿಂದಕ್ಕೆ ಚಾಚಬೇಕು, ಬಲಗಾಲು ನೆಲ ಸವರುತ್ತಾ ಅದರ ಹಿಂದೆ ಬರಬೇಕು. ಎರಡು ಕಾಲೂ ಯಾವತ್ತೂ ಹತ್ತಿರ ಬರಬಾರದು, ಅಡ್ಡ ಹಾಯಬಾರದು. ಹಾಯ್ದರೆ ಆ ಕ್ಷಣಕ್ಕೆ ನೀವು ಒಂಟಿಕಾಲಿನಲ್ಲಿ ನಿಂತ ಹಾಗೆ. ಎದುರಿಗೆ ಬರುವವನಿಗೆ ಅಷ್ಟು ಸಾಕು. ಅವನು ನೇರವಾಗಿ ಮುಂದಕ್ಕೆ ಓಡಿ ಬರುತ್ತಾನೆ, ನೀವು ಹಿಂದಕ್ಕೆ ಹೋಗುತ್ತಾ ಅವನನ್ನು ತಡೆಯಬೇಕು. ಎರಡೂವರೆ, ಮೂರು ಸೆಕೆಂಡು. ಕ್ವಾರ್ಟರ್‌ಬ್ಯಾಕ್ ಬಲಗೈಯವನಾದರೆ ಎಸೆಯಲು ತಿರುಗಿದಾಗ ಎಡಗಡೆ ಅವನ ಬೆನ್ನ ಹಿಂದೆ ಆಗುತ್ತದೆ. ಅಲ್ಲಿಂದ ಬರುವವನು ಅವನಿಗೆ ಕಾಣುವುದೇ ಇಲ್ಲ. ಅದಕ್ಕೇ ಲೆಫ್ಟ್ ಟ್ಯಾಕಲ್ ಅಂದರೆ ಅಷ್ಟು ಬೆಲೆ.

ಕೈ ಬೇರೆ ಇದೆ. ಎದುರಾಳಿಯ ಎದೆಯ ಮೇಲೆ ಎರಡೂ ಕೈ ಸರಿಯಾದ ಹೊತ್ತಿಗೆ ಬೀಳಬೇಕು. ಬೇಗ ಬಿದ್ದರೆ ಅವನು ಕೈ ತಳ್ಳಿ ಹಾಕಿ ಹೋಗುತ್ತಾನೆ. ತಡವಾದರೆ ನಿಮ್ಮ ಎದೆಗೆ ಅವನ ಕೈ ಬೀಳುತ್ತದೆ. ಕೈ ಹೊರಗೆ ಹೋಗಿ ಅವನ ಅಂಗಿ ಸಿಕ್ಕಿ ಎಳೆದಿರೋ, ಹೋಲ್ಡಿಂಗ್, ಹತ್ತು ಗಜ ದಂಡ.

ನನ್ನ ಮಗ ಬೇಸಿಗೆ ಪೂರ್ತಿ ಇದನ್ನೇ ಮಾಡಿದ. ಆಗಸ್ಟಿನಲ್ಲಿ ಅವನ ಹಳೆಯ ಶೂ ಎಸೆಯಲು ಎತ್ತಿಕೊಂಡೆ. ಎಡಗಾಲಿನದು ಚೆನ್ನಾಗಿತ್ತು. ಬಲಗಾಲಿನದು ಹೆಬ್ಬೆರಳ ಕೆಳಗೆ ಒಳಅಂಚು ಮಾತ್ರ ಸವೆದು ಬಟ್ಟೆ ಕಾಣುತ್ತಿತ್ತು. ಎಸೆಯಲಿಲ್ಲ, ಗ್ಯಾರೇಜಿನ ಕಪಾಟಿನಲ್ಲಿ ಇಟ್ಟಿದ್ದೇನೆ.

ಇಷ್ಟು ಹೆಜ್ಜೆ 14ನೇ ವಯಸ್ಸಿನಿಂದ ಕಲಿತು ಕಾಲೇಜಿನಲ್ಲಿ ನಾಲ್ಕು ವರ್ಷ ಆಡಿ ಬಂದವರೂ ಎನ್‌ಎಫ್‌ಎಲ್‌ನಲ್ಲಿ ತಡಬಡಾಯಿಸುತ್ತಾರೆ. ಮೈಲಾಟಾ 21ನೇ ವಯಸ್ಸಿನಲ್ಲಿ ಅ ಆ ಇ ಈ ಯಿಂದ ಶುರು ಮಾಡಿದ.

ಜೆರ್ಸಿಕನ್ನಡಿಗ:

ಬೆಣ್ಣೆದೋಸೆ ಅವರೇ, ಆ ಶೂ ಬಗ್ಗೆ ಓದಿ ಒಂದು ನಿಮಿಷ ಸುಮ್ಮನೆ ಕೂತೆ. ನಿಮ್ಮ ಮಗನಿಗೆ ಒಳ್ಳೆಯದಾಗಲಿ.

ಹೊಸಬ ಅವರ ಎರಡನೇ ಪ್ರಶ್ನೆಯಲ್ಲೇ ಈ ಕಥೆಯ ಜೀವ ಇದೆ. ಪ್ರಾಕ್ಟೀಸ್ ಸ್ಕ್ವಾಡಿಗೆ ಹಾಕಬೇಕಾದರೆ ಮೊದಲು 53ರಿಂದ ಬಿಡಬೇಕು. ಹೊಸ ಆಟಗಾರನನ್ನು ಬಿಟ್ಟರೆ ಅವನು ವೇವರ್ ಪಟ್ಟಿಗೆ ಹೋಗುತ್ತಾನೆ. ಉಳಿದ 31 ತಂಡಗಳಿಗೂ 24 ಗಂಟೆ ಸಮಯ. ಯಾರು ಬೇಕಾದರೂ ತಮ್ಮ ತಂಡಕ್ಕೆ ತೆಗೆದುಕೊಳ್ಳಬಹುದು. ಯಾರೂ ಕೇಳದಿದ್ದರೆ ಮಾತ್ರ ಹಳೆಯ ತಂಡದ ಪ್ರಾಕ್ಟೀಸ್ ಸ್ಕ್ವಾಡಿಗೆ ವಾಪಸ್ ಬರಬಹುದು.

ಆರಡಿ ಎಂಟಿಂಚಿನ, 40 ಗಜವನ್ನು 5.12 ಸೆಕೆಂಡಿನಲ್ಲಿ ಓಡುವ ಹುಡುಗನನ್ನು ಬಿಟ್ಟರೆ ಯಾರಾದರೂ ಒಬ್ಬರು ಎತ್ತಿಕೊಂಡು ಹೋಗುತ್ತಾರೆ ಅನ್ನುವುದು ಈಗಲ್ಸ್‌ಗೆ ಗೊತ್ತಿತ್ತು. ಹಾಗಾಗಿ ದಾರಿ ಎರಡೇ. ಆಡಲು ಬಾರದವನಿಗೆ 53ರಲ್ಲಿ ಒಂದು ಜಾಗ ಕೊಡುವುದು, ಇಲ್ಲ ಕಳೆದುಕೊಳ್ಳುವುದು. ಅವರು ಆಗಷ್ಟೇ ಚಾಂಪಿಯನ್ ಆದ ತಂಡ. ಪ್ರತಿಯೊಂದು ಜಾಗಕ್ಕೂ ಆಡಬಲ್ಲ ಅನುಭವಸ್ಥ ಕಾಯುತ್ತಿದ್ದ. ಇವನಿಗೆ ಕೊಟ್ಟ ಜಾಗದಿಂದ ಇನ್ನೊಬ್ಬ ಮನೆಗೆ ಹೋದ, ಅದನ್ನು ಮರೆಯಬಾರದು.

2018ರ ಆಗಸ್ಟಿನಲ್ಲಿ ಪಿಟ್ಸ್‌ಬರ್ಗ್ ಸ್ಟೀಲರ್ಸ್ ವಿರುದ್ಧ ಪ್ರಿ-ಸೀಸನ್ ಪಂದ್ಯ (ಸೀಸನ್ನಿಗೆ ಮುಂಚಿನ, ಲೆಕ್ಕಕ್ಕೆ ಬಾರದ ಪಂದ್ಯ) ಆಡಿದ. ಅವನ ಬದುಕಿನ ಮೊದಲ ಫುಟ್‌ಬಾಲ್ ಪಂದ್ಯ ಅದೇ. ಆ ಬೇಸಿಗೆಯ ಪ್ರಿ-ಸೀಸನ್ ಪಂದ್ಯಗಳನ್ನು ನೋಡಿದ ಮೇಲೆ ಇವನನ್ನು ಬಿಡಬೇಡಿ ಅಂತ ಅಭಿಮಾನಿಗಳೂ ಹೇಳಲು ಶುರು ಮಾಡಿದ್ದರು.

ಪಡುವಲಮನೆ:

ನಾನು ಸಿಡ್ನಿಯ ಪಶ್ಚಿಮ ಭಾಗದಲ್ಲಿ ಇರುವವಳು. ಇಲ್ಲಿ ನಮ್ಮ ಕನ್ನಡದವರು ಬಹಳ ಜನ ಇದ್ದೀವಿ. ಬ್ಯಾಂಕ್ಸ್‌ಟೌನ್ ನಮಗೆ ದೂರ ಏನಲ್ಲ. ಅಮೆರಿಕದ ಆಟ ನನಗೆ ಅಷ್ಟಾಗಿ ಗೊತ್ತಿಲ್ಲ, ಆದರೆ ರಗ್ಬಿ ಲೀಗ್ ಇಲ್ಲಿ ಚಳಿಗಾಲದ ಉಸಿರು. ಅದಕ್ಕೆ ಒಂದೆರಡು ಮಾತು ಸೇರಿಸುತ್ತೇನೆ.

ಮೈಲಾಟಾಗೆ ಹದಿಹರೆಯದಲ್ಲೇ ಹೃದಯದ ತೊಂದರೆ ಬಂದು ಶಸ್ತ್ರಚಿಕಿತ್ಸೆ ಆಗಿತ್ತು. ಅದರಿಂದ ಎದ್ದು ಬಂದು 2017ರಲ್ಲಿ ಸೌತ್ ಸಿಡ್ನಿ ರ್‍ಯಾಬಿಟೋಸ್ ತಂಡದ 20 ವರ್ಷದೊಳಗಿನವರ ಸಾಲಿನಲ್ಲಿ ಆಡಿದ. ಆ ವಿಡಿಯೋ ನೋಡಿದ್ದೀರಾ? ಚೆಂಡು ಎದೆಗವಚಿಕೊಂಡು ಓಡುತ್ತಾನೆ, ಮೂರು ನಾಲ್ಕು ಜನ ಮೈಮೇಲೆ ಜೋತುಬಿದ್ದಿರುತ್ತಾರೆ, ಅವರನ್ನೂ ಹೊತ್ತುಕೊಂಡೇ ಹೋಗುತ್ತಾನೆ. ಆದರೆ ಇಲ್ಲಿಯ ಆಟ 80 ನಿಮಿಷದ್ದು, ನಿಲ್ಲದೆ ಓಡುವ ಆಟ. ಅಷ್ಟು ತೂಕದವನು ಇಲ್ಲಿ ದೊಡ್ಡ ಮಟ್ಟದಲ್ಲಿ ನಿಲ್ಲುವುದು ಕಷ್ಟ. ಆ 20 ವರ್ಷದೊಳಗಿನವರ ರಾಷ್ಟ್ರೀಯ ಸ್ಪರ್ಧೆಯೇ 2017ಕ್ಕೆ ಮುಗಿದುಹೋಯಿತು. ಅವನಿಗೆ ಮುಂದಿನ ಮೆಟ್ಟಿಲು ಮಸುಕಾಗಿತ್ತು.

ನಾನು ಹೇಳಬೇಕು ಅಂದುಕೊಂಡದ್ದು ಇದು. ರಗ್ಬಿ ಲೀಗಿನಲ್ಲಿ ಚೆಂಡು ಇಲ್ಲದವನನ್ನು ಅಡ್ಡಗಟ್ಟಿದರೆ ತಪ್ಪು. ಎದುರಾಳಿಯನ್ನು ಹಿಡಿಯುವಾಗ ಎರಡೂ ತೋಳು ಸುತ್ತಿ ತಬ್ಬಿ ಕೆಡವಬೇಕು, ಅದೇ ಸರಿಯಾದ ವಿಧಾನ. ಈಗ ಬೆಣ್ಣೆದೋಸೆ ಅವರು ಬರೆದದ್ದನ್ನು ಓದಿ ನೋಡಿ. ಅಲ್ಲಿ ಚೆಂಡು ಇಲ್ಲದವನನ್ನು ಅಡ್ಡಗಟ್ಟುವುದೇ ಕೆಲಸ, ತಬ್ಬಿ ಹಿಡಿದರೆ ದಂಡ. ಚಿಕ್ಕಂದಿನಿಂದ ಇಲ್ಲಿ ಏನನ್ನು ಮಾಡಬೇಡ ಅಂತ ಬೈಸಿಕೊಂಡನೋ ಅದನ್ನೇ ಅಲ್ಲಿ ಮಾಡಬೇಕು. ಏನನ್ನು ಮಾಡು ಅಂತ ಬೆನ್ನು ತಟ್ಟಿಸಿಕೊಂಡನೋ ಅದನ್ನು ಮರೆಯಬೇಕು. ಚೆಂಡು ಹೊತ್ತು ಓಡುವುದೇ ಸಂತೋಷವಾಗಿದ್ದ ಹುಡುಗ, ಇಡೀ ಸೀಸನ್ನಿನಲ್ಲಿ ಚೆಂಡು ಮುಟ್ಟದೆ ಆಡುವುದನ್ನು ಒಪ್ಪಿಕೊಂಡ. ನನಗೆ ಅವನ ಗಾತ್ರಕ್ಕಿಂತ ಇದು ದೊಡ್ಡದಾಗಿ ಕಾಣುತ್ತದೆ.

ಹೊಸಬ:

ಮೇಡಂ, ಇದು ಈಗ ಅರ್ಥ ಆಯಿತು. ನಮ್ಮ ಕಬಡ್ಡಿಯ ರೇಡರ್ ಒಬ್ಬನನ್ನು ಇನ್ನು ಮುಂದೆ ನೀನು ರೇಡಿಗೆ ಹೋಗುವ ಹಾಗೇ ಇಲ್ಲ, ಮೂಲೆಯಲ್ಲಿ ನಿಂತು ಹಿಡಿ ಅಂದ ಹಾಗೆ. ಅದೂ ತೋಳು ಸುತ್ತದೆ ಹಿಡಿ ಅಂದ ಹಾಗೆ.

ಕೆರೆದಂಡೆ:

ಎಲ್ಲರೂ ಹೊಗಳುತ್ತಿದ್ದೀರಿ. ನಾನು ಸ್ವಲ್ಪ ಬೇರೆ ಮಾತು ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ನಾನು 15 ವರ್ಷದಿಂದ ಈಗಲ್ಸ್ ನೋಡುತ್ತಿದ್ದೇನೆ. ಮೈಲಾಟಾ ಇಷ್ಟ. ಆದರೆ ಇದರಲ್ಲಿ ಅದೃಷ್ಟ ಎಷ್ಟಿದೆ ನೋಡಿ. 2019ರ ಡ್ರಾಫ್ಟಿನಲ್ಲಿ ಈಗಲ್ಸ್ ತಂಡ ರೇವನ್ಸ್ ಜೊತೆ ವ್ಯವಹಾರ ಮಾಡಿ ಮೇಲೆ ಹೋಗಿ 22ನೇ ಆಯ್ಕೆಯಲ್ಲಿ ಆಂಡ್ರೆ ಡಿಲ್ಲರ್ಡ್ ಎಂಬ ಟ್ಯಾಕಲನ್ನು ತಂದಿತು. ಮೊದಲ ಸುತ್ತು. ಆಗಿನ ಲೆಫ್ಟ್ ಟ್ಯಾಕಲ್ ಜೇಸನ್ ಪೀಟರ್ಸ್ ನಂತರ ಆ ಜಾಗ ಅವನದ್ದೇ ಅಂತ ತೀರ್ಮಾನ ಆಗಿತ್ತು. ಮೈಲಾಟಾ ಆಗ ಬೆನ್ನು ನೋವಿನಿಂದ ಮಲಗಿದ್ದ.

2020ರ ಬೇಸಿಗೆಯಲ್ಲಿ ಗಾರ್ಡ್ (ಟ್ಯಾಕಲ್‌ನ ಒಳಪಕ್ಕ ನಿಲ್ಲುವ ಲೈನ್‌ಮನ್) ಬ್ರ್ಯಾಂಡನ್ ಬ್ರೂಕ್ಸ್‌ಗೆ ಹಿಮ್ಮಡಿಯ ನರ ಹರಿಯಿತು. ಆ ಜಾಗಕ್ಕೆ ಪೀಟರ್ಸ್‌ನನ್ನು ಮತ್ತೆ ಕರೆದರು. ಆಗಸ್ಟಿನಲ್ಲಿ ಡಿಲ್ಲರ್ಡ್‌ಗೆ ತೋಳಿನ ಸ್ನಾಯು ಹರಿದು ಇಡೀ ಸೀಸನ್ ಹೋಯಿತು. ಪೀಟರ್ಸ್ ಮತ್ತೆ ಲೆಫ್ಟ್ ಟ್ಯಾಕಲ್‌ಗೆ ಬಂದ. ಮೂರು ಪಂದ್ಯ ಆದಮೇಲೆ ಅವನ ಪಾದಕ್ಕೂ ಪೆಟ್ಟು. ಆಮೇಲೆ ಅಲ್ಲವೇ ಮೈಲಾಟಾಗೆ ಬಾಗಿಲು ತೆರೆದದ್ದು? ಅಷ್ಟು ಜನಕ್ಕೆ ಗಾಯ ಆಗದಿದ್ದರೆ?

ಡಿಲ್ಲರ್ಡ್ ಜಾಗದಲ್ಲಿ ನಿಂತು ನೋಡಿ. ಅವನು ಏನು ತಪ್ಪು ಮಾಡಿದ? ಗಾಯ ಆಯಿತು, ಅಷ್ಟೇ. ವಾಪಸ್ ಬಂದಾಗ ಜಾಗದಲ್ಲಿ ಇನ್ನೊಬ್ಬ ಕೂತಿದ್ದ.

ಜೆರ್ಸಿಕನ್ನಡಿಗ:

ಕೆರೆದಂಡೆ ಅವರೇ, ಬೇಜಾರು ಯಾಕೆ. ನೀವು ಹೇಳಿದ ಒಂದೊಂದೂ ನಿಜ. ಡಿಲ್ಲರ್ಡ್ ಬಗ್ಗೆ ಫಿಲಡೆಲ್ಫಿಯಾದಲ್ಲಿ ತುಂಬಾ ಕಟುವಾಗಿ ಮಾತಾಡಿದರು, ಅದು ನನಗೂ ಸರಿ ಅನಿಸಲಿಲ್ಲ.

ಆದರೆ ಬಾಗಿಲು ತೆರೆಯುವುದು ಬೇರೆ, ಒಳಗೆ ಹೋಗಿ ನಿಲ್ಲುವುದು ಬೇರೆ. 2020ರ ಅಕ್ಟೋಬರ್ 4, ಭಾನುವಾರ ರಾತ್ರಿ, ಸ್ಯಾನ್ ಫ್ರಾನ್ಸಿಸ್ಕೊ ಫಾರ್ಟಿನೈನರ್ಸ್ ವಿರುದ್ಧ ಅವನು ಮೊದಲ ಸಲ ಶುರುವಿನಿಂದ ಆಡಿದ. ಎದುರಿನ ತಂಡದ ದೊಡ್ಡ ಹೆಸರು ನಿಕ್ ಬೋಸಾ ಗಾಯದಿಂದ ಹೊರಗಿದ್ದ, ಅದನ್ನೂ ಹೇಳಿಬಿಡುತ್ತೇನೆ. ಕೋವಿಡ್ ಕಾಲ, ಸ್ಟೇಡಿಯಂ ಖಾಲಿ. ಸದ್ದಿಲ್ಲದ ಆ ಮೈದಾನದಲ್ಲಿ 68ನೇ ನಂಬರು ಒಂದು ಸಲ ತಡವರಿಸುತ್ತಿತ್ತು, ಮುಂದಿನ ಸಲ ಅದೇ ತಪ್ಪನ್ನು ಮಾಡುತ್ತಿರಲಿಲ್ಲ. ಈಗಲ್ಸ್ 25-20ರಲ್ಲಿ ಗೆದ್ದರು. ಆ ಸೀಸನ್ನಿನಲ್ಲಿ ಗೆದ್ದದ್ದೇ ನಾಲ್ಕು ಪಂದ್ಯ, ಅದರಲ್ಲಿ ಮೊದಲನೆಯದು ಅದು. ಅವನು ಒಟ್ಟು 10 ಪಂದ್ಯ ಶುರುವಿನಿಂದ ಆಡಿದ.

ನಿಜವಾದ ಪೈಪೋಟಿ ನಡೆದದ್ದು 2021ರ ಬೇಸಿಗೆಯಲ್ಲಿ. ಹೊಸ ಕೋಚ್ ನಿಕ್ ಸಿರಿಯಾನಿ ಬಂದಿದ್ದರು. ಹಳೆಯ ಲೆಕ್ಕ ಏನೂ ಇಲ್ಲ, ಯಾರು ಚೆನ್ನಾಗಿ ಆಡುತ್ತಾರೋ ಅವರಿಗೆ ಜಾಗ. ಒಂದು ಕಡೆ ಮೊದಲ ಸುತ್ತಿನ ಡಿಲ್ಲರ್ಡ್, ಇನ್ನೊಂದು ಕಡೆ ಏಳನೇ ಸುತ್ತಿನ ಮೈಲಾಟಾ. ಒಂದು ದಿನ ಇವನು ಮೊದಲ ತಂಡದ ಜೊತೆ, ಮರುದಿನ ಅವನು. ಗೆದ್ದದ್ದು ಮೈಲಾಟಾ. ಸೆಪ್ಟೆಂಬರ್ 11ರಂದು ನಾಲ್ಕು ವರ್ಷಕ್ಕೆ 6.4 ಕೋಟಿ ಡಾಲರಿನ ಒಪ್ಪಂದಕ್ಕೆ ಸಹಿ ಹಾಕಿದ. ಮರುದಿನ ಅಟ್ಲಾಂಟಾದಲ್ಲಿ ಸೀಸನ್ನಿನ ಮೊದಲ ಪಂದ್ಯ.

ಅಲ್ಲಿ ಅದೃಷ್ಟ ಇರಲಿಲ್ಲ. ಇಬ್ಬರಿಗೂ ಅದೇ ಮೈದಾನ, ಅದೇ ಕೋಚ್.

ಕೆರೆದಂಡೆ:

ಸರಿ, 2021ರ ವಿಷಯ ಒಪ್ಪಿದೆ. ಆದರೂ ಒಂದು ಮಾತು ಉಳಿಯುತ್ತದೆ. ಮೈಲಾಟಾಗೆ ಎರಡು ವರ್ಷ ತಾಳ್ಮೆಯಿಂದ ಕಾದರು. ಮೊದಲ ಸುತ್ತಿನಲ್ಲಿ ಬಂದವನಿಗೆ ಆ ತಾಳ್ಮೆ ಸಿಗುವುದಿಲ್ಲ. ಡಿಲ್ಲರ್ಡ್ ಮೊದಲ ವರ್ಷದಲ್ಲೇ ಆಡಬೇಕಾಯಿತು, ಪೀಟರ್ಸ್‌ಗೆ ಗಾಯ ಆದಾಗ. ತಪ್ಪುಗಳೆಲ್ಲ ಟಿವಿಯಲ್ಲಿ, ಎಲ್ಲರ ಕಣ್ಣೆದುರು. ಮೈಲಾಟಾನ ಮೊದಲ ಎರಡು ವರ್ಷದ ತಪ್ಪುಗಳನ್ನು ನಾವು ಯಾರೂ ನೋಡಲೇ ಇಲ್ಲ. ಅಭ್ಯಾಸದ ಮೈದಾನದಲ್ಲೇ ಉಳಿದವು. ಡಿಲ್ಲರ್ಡ್ 2023ರಲ್ಲಿ ಟೆನೆಸ್ಸೀ ಟೈಟನ್ಸ್‌ಗೆ ಹೋದ. ಮೂರು ವರ್ಷದ ಒಪ್ಪಂದ, ಒಂದೇ ವರ್ಷಕ್ಕೆ ಬಿಟ್ಟರು.

ಜೆರ್ಸಿಕನ್ನಡಿಗ:

ಇದಕ್ಕೆ ನನ್ನ ಹತ್ತಿರ ಎದುರು ಮಾತಿಲ್ಲ. ನಾನು ಈ ಥ್ರೆಡ್ ಶುರು ಮಾಡಿದಾಗ ಕಾದಿರಿಸಿದ ಕುರ್ಚಿ ಅಂದೆನಲ್ಲ, ನೀವು ಅದರ ಇನ್ನೊಂದು ಮುಖ ತೋರಿಸಿದಿರಿ. ಯಾರೂ ನೋಡದ ಜಾಗದಲ್ಲಿ ತಪ್ಪು ಮಾಡಲು ಸಿಗುವುದು ದೊಡ್ಡ ಸವಲತ್ತು. 233ನೇ ಆಯ್ಕೆಯವನಿಗೆ ಅದು ಸಿಕ್ಕಿತು, 22ನೇ ಆಯ್ಕೆಯವನಿಗೆ ಸಿಗಲಿಲ್ಲ.

ಬೆಣ್ಣೆದೋಸೆ:

ಆ ಅಭ್ಯಾಸದ ಮೈದಾನದಲ್ಲಿ ಯಾರಿದ್ದರು ಅನ್ನುವುದನ್ನು ಬಿಟ್ಟು ಈ ಮಾತು ಪೂರ್ತಿ ಆಗುವುದಿಲ್ಲ. ಜೆಫ್ ಸ್ಟೌಟ್‌ಲ್ಯಾಂಡ್. 2013ರಲ್ಲಿ ಈಗಲ್ಸ್‌ಗೆ ಲೈನ್ ಕೋಚ್ ಆಗಿ ಬಂದವರು. ಹೆಡ್ ಕೋಚ್‌ಗಳು ಬದಲಾದರೂ ಇವರನ್ನು ಬದಲಾಯಿಸಲಿಲ್ಲ. ಡ್ರಾಫ್ಟಿಗೆ ಮುಂಚೆ ಮೈಲಾಟಾನನ್ನು ಖುದ್ದಾಗಿ ಪರೀಕ್ಷಿಸಿ ಬಂದವರು ಅವರೇ.

ಟಿವಿಯಲ್ಲಿ ಪಂದ್ಯದ ಶುರುವಿಗೆ ಆಟಗಾರರು ತಮ್ಮ ಹೆಸರು, ತಮ್ಮ ಕಾಲೇಜಿನ ಹೆಸರು ಹೇಳುತ್ತಾರಲ್ಲ? ಮೈಲಾಟಾ ಕಾಲೇಜಿಗೆ ಹೋದವನಲ್ಲ. ಅವನು ಹೇಳುವುದು ‘ಜೆಫ್ ಸ್ಟೌಟ್‌ಲ್ಯಾಂಡ್ ಯೂನಿವರ್ಸಿಟಿ’ ಅಂತ. ನಮ್ಮಲ್ಲಿ ಸಂಗೀತದವರು ಕಛೇರಿ ಶುರುವಿಗೆ ಗುರುವಿನ ಹೆಸರು ನೆನೆಯುವ ಹಾಗೆ. ಅದನ್ನು ಕೇಳಿದಾಗ ಪ್ರತಿ ಸಲವೂ ನನಗೆ ಗಂಟಲು ಕಟ್ಟುತ್ತದೆ.

ಜೇಸನ್ ಪೀಟರ್ಸ್ ಕೂಡ. ಆ ಮನುಷ್ಯನ ಕಥೆ ಗೊತ್ತಾ? 2004ರಲ್ಲಿ ಯಾರೂ ಡ್ರಾಫ್ಟ್ ಮಾಡಲಿಲ್ಲ. ಅರ್ಕಾನ್ಸಾ ಕಾಲೇಜಿನಲ್ಲಿ ಟೈಟ್ ಎಂಡ್, ಅಂದರೆ ಚೆಂಡನ್ನೂ ಹಿಡಿಯುವ ಆಟಗಾರ, ಆಗಿದ್ದ. ಬಫಲೋ ಬಿಲ್ಸ್ ತಂಡ ಪ್ರಾಕ್ಟೀಸ್ ಸ್ಕ್ವಾಡಿನಲ್ಲಿ ಇಟ್ಟುಕೊಂಡು ಟ್ಯಾಕಲ್ ಮಾಡಿತು. ಒಂಬತ್ತು ಸಲ ಪ್ರೊ ಬೌಲ್‌ಗೆ, ಅಂದರೆ ವರ್ಷದ ಒಳ್ಳೆಯ ಆಟಗಾರರ ಸಾಲಿಗೆ, ಹೋದ. ತನ್ನ ಜಾಗಕ್ಕೇ ಬರಲಿರುವ ಹುಡುಗರಿಗೆ ಎಲ್ಲವನ್ನೂ ಬಿಚ್ಚಿ ಹೇಳಿಕೊಟ್ಟ.

ತುಂಗಾತೀರ:

ಬೇರೆ ಜಾಗದಿಂದ ಬಂದು ಲೆಫ್ಟ್ ಟ್ಯಾಕಲ್ ಆದವರ ಮಾತು ಬಂದಿದ್ದಕ್ಕೆ ಬರೆಯುತ್ತಿದ್ದೇನೆ. ಪಿಟ್ಸ್‌ಬರ್ಗ್‌ನಲ್ಲಿ ಓದಿದವನು ನಾನು, ಹಾಗಾಗಿ ಅಲೆಹಾಂಡ್ರೊ ವಿಲಾನುವೆವಾ ಹೆಸರು ಹೇಳದೆ ಇರಲು ಆಗುವುದಿಲ್ಲ.

ವೆಸ್ಟ್ ಪಾಯಿಂಟ್ ಸೇನಾ ಅಕಾಡೆಮಿಯಲ್ಲಿ ಓದಿದವನು. ಅಲ್ಲಿ ಲೈನ್‌ನಲ್ಲೂ ಆಡಿದ, ಕೊನೆಯ ವರ್ಷ ಚೆಂಡು ಹಿಡಿಯುವ ರಿಸೀವರ್ ಆಗಿದ್ದ. 2010ರಲ್ಲಿ ಯಾರೂ ಡ್ರಾಫ್ಟ್ ಮಾಡಲಿಲ್ಲ. ಸೈನ್ಯಕ್ಕೆ ಹೋದ, ರೇಂಜರ್ ಆದ, ಅಫ್ಗಾನಿಸ್ತಾನಕ್ಕೆ ಮೂರು ಸಲ ಹೋಗಿ ಬಂದ. ಶೌರ್ಯಕ್ಕೆ ಬ್ರಾಂಜ್ ಸ್ಟಾರ್ ಸಿಕ್ಕಿತು. 2014ರಲ್ಲಿ ಇದೇ ಈಗಲ್ಸ್ ಅವನನ್ನು ಡಿಫೆನ್ಸ್ ಆಟಗಾರನಾಗಿ ಕ್ಯಾಂಪಿಗೆ ಕರೆದು, ಆಗಸ್ಟಿನಲ್ಲಿ ಬಿಟ್ಟಿತು. ಸ್ಟೀಲರ್ಸ್ ತಮ್ಮ ಪ್ರಾಕ್ಟೀಸ್ ಸ್ಕ್ವಾಡಿಗೆ ತೆಗೆದುಕೊಂಡು, ನೀನು ಇನ್ನು ಮುಂದೆ ಟ್ಯಾಕಲ್ ಅಂದಿತು. 2015ರಲ್ಲಿ ಕೆಲ್ವಿನ್ ಬೀಚಮ್‌ಗೆ ಮಂಡಿಯ ಗಾಯ ಆದಾಗ ಮೈದಾನಕ್ಕೆ ಬಂದವನು ಆಮೇಲೆ ಜಾಗ ಬಿಡಲಿಲ್ಲ. ಎರಡು ಸಲ ಪ್ರೊ ಬೌಲ್.

ಅವನೂ ಒಂದು ಸೀಸನ್ ಪೂರ್ತಿ ಪ್ರಾಕ್ಟೀಸ್ ಸ್ಕ್ವಾಡಿನಲ್ಲಿ ಕಲಿತ. ನೀವು ಹೇಳುವ ಆ ಕಾಣದ ವರ್ಷ ಅವನಿಗೂ ಇತ್ತು.

ಪಡುವಲಮನೆ:

ಒಂದು ಸಂದೇಹ. ಪಂದ್ಯದ ದಿನ 53 ಜನವೂ ಆಡಬಹುದಾ?

ಜೆರ್ಸಿಕನ್ನಡಿಗ:

ಇಲ್ಲ ಅಕ್ಕ. ಪಂದ್ಯದ ದಿನ ಅಂಗಿ ತೊಡುವವರು ಇನ್ನೂ ಕಡಿಮೆ. 2020ರಿಂದ ಬಂದ ನಿಯಮ ಲೈನ್‌ಮನ್‌ಗಳಿಗೆ ಒಳ್ಳೆಯದು. ಎಂಟು ಆಫೆನ್ಸಿವ್ ಲೈನ್‌ಮನ್‌ಗಳನ್ನು ಸೇರಿಸಿಕೊಂಡರೆ 48 ಜನ, ಇಲ್ಲದಿದ್ದರೆ 47. ಹಾಗಾಗಿ ಸಾಮಾನ್ಯವಾಗಿ ತಂಡಗಳು ಎಂಟನೆಯವನನ್ನು ಸೇರಿಸಿಕೊಳ್ಳುತ್ತವೆ. ಆ ಎಂಟನೆಯ ಜಾಗಕ್ಕೆ ಆಗಸ್ಟಿನಲ್ಲಿ ನಡೆಯುವ ಹೋರಾಟ ಯಾರೂ ಜಾಸ್ತಿ ನೋಡುವುದಿಲ್ಲ. ಅವನು ಎರಡು ಮೂರು ಜಾಗದಲ್ಲಿ ಆಡಬಲ್ಲವನಾಗಿರಬೇಕು. ಎಡಗಡೆ ಟ್ಯಾಕಲ್ ಮಾತ್ರ ಬರುತ್ತದೆ ಅಂದರೆ ಕಷ್ಟ. ಮೈಲಾಟಾನನ್ನು ಆ ದಿನಗಳಲ್ಲಿ ಬಲಗಡೆಗೂ ಹಾಕಿ ಅಭ್ಯಾಸ ಮಾಡಿಸಿದ್ದು ಅದಕ್ಕೇ. ಬಲಗಡೆ ಅಂದರೆ ಬೆಣ್ಣೆದೋಸೆ ಅವರು ಹೇಳಿದ ಹೆಜ್ಜೆಗಳೆಲ್ಲ ತಿರುಗಾಮುರುಗಾ.

ಜಾಗ ಬದಲಾಯಿಸಿ ಬದುಕಿಕೊಂಡವನು ಇನ್ನೊಬ್ಬ ಇದೇ ತಂಡದಲ್ಲಿದ್ದ. ಮೆಖಾಯ್ ಬೆಕ್ಟನ್. 2020ರಲ್ಲಿ ನ್ಯೂಯಾರ್ಕ್ ಜೆಟ್ಸ್ 11ನೇ ಆಯ್ಕೆಯಲ್ಲಿ ತಂದ ಟ್ಯಾಕಲ್. ಗಾಯದ ಮೇಲೆ ಗಾಯ. 2024ರಲ್ಲಿ ಈಗಲ್ಸ್‌ಗೆ ಒಂದೇ ವರ್ಷದ ಒಪ್ಪಂದಕ್ಕೆ ಬಂದ. ಅಲ್ಲಿ ಎರಡು ಕಡೆ ಟ್ಯಾಕಲ್ ಜಾಗ ತುಂಬಿತ್ತು. ಸ್ಟೌಟ್‌ಲ್ಯಾಂಡ್ ಅವನನ್ನು ಒಳಗಡೆ ರೈಟ್ ಗಾರ್ಡ್ ಮಾಡಿದರು. ಕ್ಯಾಂಪಿನಲ್ಲಿ ಆ ಜಾಗ ಗೆದ್ದ. ಆ ವರ್ಷದ ಐವರು ನೆನಪಿದ್ದಾರಾ? ಎಡದಿಂದ ಮೈಲಾಟಾ, ಲ್ಯಾಂಡನ್ ಡಿಕರ್ಸನ್, ಕ್ಯಾಮ್ ಜುರ್ಗೆನ್ಸ್, ಬೆಕ್ಟನ್, ಲೇನ್ ಜಾನ್ಸನ್. ಅವರ ಹಿಂದೆ ಚೆಂಡು ಹಿಡಿದು ಓಡಿದ ಸೇಕ್ವಾನ್ ಬಾರ್ಕ್ಲಿ ಆ ಸೀಸನ್ನಿನಲ್ಲಿ 2,005 ಗಜ ಓಡಿದ. 2025ರ ಫೆಬ್ರವರಿ 9ರಂದು ನ್ಯೂ ಆರ್ಲಿಯನ್ಸ್‌ನ ಸೂಪರ್ ಬೌಲ್‌ನಲ್ಲಿ ಚೀಫ್ಸ್ ತಂಡವನ್ನು 40-22ರಲ್ಲಿ ಸೋಲಿಸಿದರು. ಎರಡು ವರ್ಷ ಹಿಂದೆ ಅದೇ ಚೀಫ್ಸ್ ಎದುರು 35-38ರಲ್ಲಿ ಸೋತಾಗಲೂ ಮೈಲಾಟಾ ಅದೇ ಜಾಗದಲ್ಲಿ ನಿಂತಿದ್ದ.

ಕೆರೆದಂಡೆ:

ಆ 40-22ರ ರಾತ್ರಿ ನಾನು ಅತ್ತಿದ್ದೇನೆ. ಡಿಲ್ಲರ್ಡ್ ಬಗ್ಗೆ ನಾನು ಹೇಳಿದ್ದನ್ನು ಬಿಡುವುದಿಲ್ಲ, ಆದರೆ ಮೈಲಾಟಾ ಬಗ್ಗೆ ನನಗೆ ಯಾವ ತಕರಾರೂ ಇಲ್ಲ.

ಹೊಸಬ:

ಎಲ್ಲರಿಗೂ ವಂದನೆ. ಮೊನ್ನೆ ರಾತ್ರಿ ಒಂದು ಕೆಲಸ ಮಾಡಿದೆ. ಈಗಲ್ಸ್‌ನ ಒಂದು ಹಳೆಯ ಪಂದ್ಯ ಹಾಕಿಕೊಂಡು, ಚೆಂಡು ನೋಡದೆ 68ನೇ ನಂಬರನ್ನು ಮಾತ್ರ ನೋಡಿದೆ. ಮೊದಲ ಹತ್ತು ನಿಮಿಷ ಕಣ್ಣು ತಾನಾಗಿ ಚೆಂಡಿನ ಕಡೆಗೇ ಓಡುತ್ತಿತ್ತು. ಆಮೇಲೆ ಹೊಂದಿಕೊಂಡಿತು.

ನಿಧಾನ ಮಾಡಿ ನೋಡಿದೆ. ಎದುರಿನವನು ಹೊರಗಡೆಯಿಂದ ಸುತ್ತಿ ಬರಲು ಓಡಿದ. ಮೈಲಾಟಾ ಹಿಂದಕ್ಕೆ ಒಂದು, ಎರಡು, ಮೂರು ಹೆಜ್ಜೆ. ಕಾಲುಗಳ ನಡುವಿನ ಅಂತರ ಮೂರು ಹೆಜ್ಜೆಯಲ್ಲೂ ಒಂದೇ. ಕೈ ಸೊಂಟದ ಹತ್ತಿರ ಸುಮ್ಮನಿತ್ತು. ಮೂರನೇ ಹೆಜ್ಜೆ ಊರಿದ ಮೇಲೆ ಕೈ ಎದ್ದಿತು. ಎದುರಿನವನು ಅಲ್ಲೇ ನಿಂತುಬಿಟ್ಟ. ಅಷ್ಟರಲ್ಲಿ ಚೆಂಡು ಆ ಕಡೆ ಹೋಗಿಯಾಗಿತ್ತು, ಯಾರು ಹಿಡಿದರು ಅಂತ ನಾನು ನೋಡಲಿಲ್ಲ.

ಬೆಣ್ಣೆದೋಸೆ ಅವರೇ, ಮಗನ ತಂಡದ ಪಟ್ಟಿ ಈ ವರ್ಷ ಯಾವಾಗ ಬರುತ್ತದೆ?

ಬೆಣ್ಣೆದೋಸೆ:

ಶುಕ್ರವಾರ. ಇಲ್ಲೇ ಬಂದು ಹೇಳುತ್ತೇನೆ. ಹೊಸ ಶೂ ತಂದಾಗಿದೆ, ಗೆರೆಗಳು ಇನ್ನೂ ಗ್ಯಾರೇಜ್ ಮುಂದೆ ಇವೆ. ಮೊನ್ನೆ ಮಳೆಗೆ ಅಳಿಸಿಹೋಗಿದ್ದವು, ನಿನ್ನೆ ಸಂಜೆ ಮತ್ತೆ ಎಳೆದಿದ್ದಾನೆ.